ತಲಪರಿಗೆ ಪಕ್ಕಕ್ಕೆ ಯಾವ ಹೂಗಿಡ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದರೆ ಬರದ ಸೀಮೆ ಎಂದೇ ಮಾತು. ಆದರೆ ನೆಲದಿಂದ ತಾನಾಗಿ ನೀರು ಜಿನುಗುವ ತಲಪರಿಗೆಗಳು ಇರುವುದೂ ಇಲ್ಲಿಯೇ. ಹಳ್ಳದ ಮರಳಲ್ಲೋ ಕೆರೆಯಂಗಳದಲ್ಲೋ ಊಟೆ ಕಂಡ ಕಡೆ ಹಿರಿಯರು ಗುಂಡಿ ತೋಡಿ, ಕಾಲುವೆ ತೆಗೆದು, ಊರೊಟ್ಟಿಗೆ ಹೂಳೆತ್ತಿ ಗದ್ದೆಗೆ ನೀರು ಹಾಯಿಸಿಕೊಂಡರು. ತಲಪರಿಗೆಯ ಅಂಚು, ಕೆರೆ ಏರಿಯ ಹಿಂಬದಿ, ಮನೆಯ ಬಚ್ಚಲ ನೀರು ಹರಿಯುವ ಮೂಲೆ, ಇವು ನಮ್ಮ ಕಡೆಯ ಜೌಗು. ಕೆಳಗೆ ಕೆಸರು, ಮೇಲೆ ಸುಡುಬಿಸಿಲು. ಇಂಥಲ್ಲಿ ನೆಟ್ಟ ಹೂಗಿಡ ಎಷ್ಟೋ ಸಲ ಮೊದಲ ಮಳೆಗಾಲವನ್ನೇ ದಾಟುವುದಿಲ್ಲ.

ನೀರಲ್ಲಿದ್ದೂ ಬಾಡುವುದೇಕೆ?

ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿಕೊಂಡರೆ ಬೇರಿಗೆ ಉಸಿರು ಕಟ್ಟುತ್ತದೆ, ನೀರು ಹೀರುವ ಶಕ್ತಿಯೂ ಹೋಗುತ್ತದೆ. ಎಲೆ ಜೋತುಬಿದ್ದುದನ್ನು ಕಂಡು ನಾವು ಇನ್ನೂ ಒಂದು ಬಿಂದಿಗೆ ಸುರಿಯುತ್ತೇವೆ. ಬಾಡಿದ ಗಿಡವನ್ನು ಕಿತ್ತು ಬೇರು ಹಿಸುಕಿ ನೋಡಿ: ಕಪ್ಪಾಗಿ, ಸಿಪ್ಪೆ ಜಾರಿ, ಕೊಳೆತ ವಾಸನೆ ಬಂದರೆ ಅದು ಸತ್ತದ್ದು ಬಾಯಾರಿಕೆಯಿಂದಲ್ಲ.

ನೆಡುವ ಮುನ್ನ ಒಂದೂವರೆ ಅಡಿ ಆಳದ ಗುಂಡಿ ತೋಡಿ, ಸಂಜೆ ನೀರು ತುಂಬಿಸಿ. ಬೆಳಗ್ಗೆಗೆ ಇಂಗಿದ್ದರೆ ಯಾವ ಗಿಡವಾದರೂ ಸರಿ. ಮಾರನೆಯ ಸಂಜೆಗೂ ನಿಂತಿದ್ದರೆ ಮುಂದೆ ಓದಿ.

ಹಳ್ಳವನ್ನೇ ಕೇಳಿ

ನಮ್ಮ ಜೌಗು ಮಲೆನಾಡಿನದಂತಲ್ಲ. ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ ಮೊಳಕಾಲುದ್ದ ಕೆಸರಾಗುವ ನೆಲ ಏಪ್ರಿಲ್‌ಗೆ ಬಿರುಕು ಬಿಡಬಹುದು. ಎರಡನ್ನೂ ತಾಳುವ ಗಿಡವೇ ಬೇಕು. ಅಂಥವು ಕೆಲವು ವಾರ ಹರಿದು ಉಳಿದ ದಿನ ಬರೀ ಮರಳಾಗುವ ಹಳ್ಳಗಳ ದಂಡೆಯಲ್ಲೇ ಸಿಗುತ್ತವೆ.

ಲಕ್ಕಿ: ಮೊದಲ ಆಯ್ಕೆ. 8–12 ಅಡಿಯ ಪೊದೆ, ನೀಲಿ ಹೂಗೊಂಚಲು, ಜೇನಿಗೆ ಹಬ್ಬ. ಮೇಕೆ ಅಷ್ಟಾಗಿ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ.

ಕಣಗಿಲೆ: ಬಿಳಿ, ಗುಲಾಬಿ, ಕೆಂಪು. ಹಳ್ಳದ ಮಗಳೇ ಇದು. ಆದರೆ ಬೇರಿನಿಂದ ಹೂವಿನವರೆಗೆ ವಿಷ. ದನದ ಕೊಟ್ಟಿಗೆ, ಮಕ್ಕಳ ಆಟದ ಜಾಗದ ಹತ್ತಿರ ಬೇಡ. ಒಣಕಡ್ಡಿಯನ್ನು ಒಲೆಗೂ ಹಾಕಬಾರದು.

ಅಗಸೆ: ಎಲೆಬಳ್ಳಿಗೆ ಆಸರೆಯಾಗುವ ಮರ. ಬೇಗ ಬೆಳೆಯುತ್ತದೆ, ಕೆಲ ದಿನ ನೀರು ನಿಂತರೂ ತಾಳುತ್ತದೆ. ಹೂವು ಪಲ್ಯಕ್ಕೆ, ಸೊಪ್ಪು ಮೇಕೆಗೆ ಬಲು ಇಷ್ಟ. ಹಾಗಾಗಿ ಬೇಲಿ ಕಟ್ಟಿಯೇ ನೆಡಬೇಕು. ಮೆದು ಮರವಾದ್ದರಿಂದ ಬಿರುಗಾಳಿಗೆ ಮುರಿದೀತು.

ಹೊಳೆದಾಸವಾಳ: ಬೇಸಿಗೆಯಲ್ಲಿ ನೇರಳೆ ಹೂ. ಬೇಸಿಗೆಯಲ್ಲೂ ತೇವ ಆರದ ಕಡೆಗೆ ಮಾತ್ರ.

ಹೊಂಗೆ: ಚೌಳು ನೆಲವನ್ನೂ ಸಹಿಸುತ್ತದೆ. ಸಣ್ಣ ಮರವಲ್ಲ, ಆದರೆ ಗದ್ದೆಗೆ ಸೊಪ್ಪು ಕಡಿಯುತ್ತಿದ್ದರೆ ಅಂಕೆಯಲ್ಲಿರುತ್ತದೆ.

ಪಾರಿಜಾತ, ದೇವಕಣಗಿಲೆ, ಮಲ್ಲಿಗೆ, ಕನಕಾಂಬರ ಬೇಕೇ ಬೇಕೆಂದರೆ ಒಂದೂವರೆ ಅಡಿ ಎತ್ತರ, ನಾಲ್ಕು ಅಡಿ ಅಗಲದ ಮಣ್ಣಿನ ಗುಡ್ಡೆ ಹಾಕಿ, ಅದರ ನೆತ್ತಿಯಲ್ಲಿ ನೆಡಿ. ಜಿಗುಟು ಮಣ್ಣಲ್ಲಿ ಗುಂಡಿ ತೋಡಿ ನೆಟ್ಟರೆ ಅದು ಬಟ್ಟಲಿನಂತೆ ನೀರು ಹಿಡಿದಿಡುತ್ತದೆ.

ಕೆರೆಯಂಗಳದಲ್ಲಿ ತಿಳಿನೇರಳೆ ಆಲಿಕೆಯಂಥ ಹೂ ಬಿಡುವ ಪೊದೆಯನ್ನು ಚೆಂದವೆಂದು ಮನೆಗೆ ತರಬೇಡಿ. ಅಮೆರಿಕ ಖಂಡದಿಂದ ಬಂದದ್ದು. ಮುರಿದು ಎಸೆದ ಕಡ್ಡಿಯೂ ಚಿಗುರಿ ಹಬ್ಬುತ್ತದೆ, ಆಡು–ಕುರಿಗೆ ವಿಷ.

ಕೊನೆಗೊಂದು ಮಾತು. ತಲಪರಿಗೆಯ ಬಾಯಿಗೂ ಕಾಲುವೆಗೂ ಅಂಟಿಕೊಂಡಂತೆ ಏನನ್ನೂ ನೆಡಬೇಡಿ. ಬೇರು ಊಟೆಯ ದಾರಿ ಕಟ್ಟುತ್ತದೆ. ಹೂಳೆತ್ತುವವರಿಗೆ ನಿಲ್ಲಲು, ಎತ್ತಿದ ಹೂಳನ್ನು ಹಾಕಲು ಜಾಗ ಬಿಟ್ಟು, ಅದರಾಚೆಗೆ ಲಕ್ಕಿ ಕಡ್ಡಿ ಊರಿ.