ಸರೋವರದ ಮೇಲೆ ಹರಡಿದ ಹೊಗೆ

ಸ್ವಿಟ್ಸರ್ಲೆಂಡಿನ ಜಿನೀವಾ ಸರೋವರದ ತೀರದಲ್ಲಿರುವ ಮಾಂತ್ರೋ ಎಂಬ ಊರಿಗೆ 1971ರ ಡಿಸೆಂಬರಿನಲ್ಲಿ 'ಡೀಪ್ ಪರ್ಪಲ್' ಎಂಬ ಇಂಗ್ಲಿಷ್ ರಾಕ್ ತಂಡದ ಐವರು ಬಂದಿಳಿದರು. ಅಲ್ಲಿಯ ಕ್ಯಾಸಿನೋದ ಸಭಾಂಗಣ ಚಳಿಗಾಲದಲ್ಲಿ ಬರಿದಾಗಿರುವುದರಿಂದ ಅಲ್ಲಿಯೇ ತಮ್ಮ ಹೊಸ ಆಲ್ಬಮ್ಮನ್ನು ಧ್ವನಿಮುದ್ರಿಸಿಕೊಳ್ಳಬೇಕೆಂಬುದು ಅವರ ಸಂಕಲ್ಪ. ಅದಕ್ಕಾಗಿ ರೋಲಿಂಗ್ ಸ್ಟೋನ್ಸ್ ತಂಡದವರ ಸಂಚಾರಿ ಸ್ಟುಡಿಯೋವನ್ನು, ಎಂದರೆ ಧ್ವನಿಮುದ್ರಣದ ಯಂತ್ರಗಳನ್ನೆಲ್ಲ ತುಂಬಿದ ಒಂದು ಲಾರಿಯನ್ನು, ಬಾಡಿಗೆಗೆ ತರಿಸಿದ್ದರು.

ಡಿಸೆಂಬರ್ 4ರಂದು ಅದೇ ಸಭಾಂಗಣದಲ್ಲಿ ಅಮೆರಿಕದ ಫ್ರಾಂಕ್ ಜಾಪ್ಪಾನ ಕಚೇರಿ ನಡೆದಿರುವಾಗ, ಶ್ರೋತೃಗಳಲ್ಲಿ ಯಾವನೋ ಒಬ್ಬ ಅವಿವೇಕಿ ಸಂಕೇತದ ಬೆಂಕಿಯುಂಡೆ ಹಾರಿಸುವ ಪಿಸ್ತೂಲನ್ನು ಛಾವಣಿಯ ಕಡೆಗೆ ಸಿಡಿಸಿಬಿಟ್ಟನು. ಕಟ್ಟಡವೆಲ್ಲ ಸುಟ್ಟುಹೋಯಿತು, ಜಾಪ್ಪಾನ ತಂಡದ ವಾದ್ಯಗಳೂ ಭಸ್ಮವಾದವು. ಒಂದು ಜೀವವೂ ಹೋಗಲಿಲ್ಲವೆಂಬುದು ದೈವಾನುಗ್ರಹವೇ ಸರಿ. ಅಲ್ಲಿಯ ಜಾಸ್ ಉತ್ಸವವನ್ನು 1967ರಲ್ಲಿ ಆರಂಭಿಸಿದ ಕ್ಲಾಡ್ ನೋಬ್ಸ್ ಎಂಬಾತ ಸಿಕ್ಕಿಬಿದ್ದ ಹುಡುಗರನ್ನು ಹೊರಗೆಳೆದು ತಂದನೆಂಬುದನ್ನು, ಮುಂದೆ ಈ ಘಟನೆಯಿಂದಲೇ ಡೀಪ್ ಪರ್ಪಲ್ ತಂಡದವರು ಕಟ್ಟಿದ ಹಾಡು ಅವನ ಹೆಸರನ್ನೆತ್ತಿಯೇ ಸ್ಮರಿಸುತ್ತದೆ.

ಉರಿಯುವ ಕ್ಯಾಸಿನೋದ ಹೊಗೆ ಸರೋವರದ ನೀರಿನ ಮೇಲೆ ಹಾಸಿಕೊಂಡು ಬರುತ್ತಿದ್ದುದನ್ನು ತಂಡದವರು ಹೋಟೆಲಿನ ಕಿಟಕಿಯಿಂದ ನೋಡಿದರು. ಕೆಲವು ದಿನಗಳ ಬಳಿಕ ಬಾಸ್ ಗಿಟಾರಿನ ರೋಜರ್ ಗ್ಲೋವರ್ ನಿದ್ದೆಯಿಂದೆದ್ದಾಗ ಅವನ ನಾಲಗೆಯ ಮೇಲಿದ್ದ ಮಾತೇ 'ಸ್ಮೋಕ್ ಆನ್ ದ ವಾಟರ್', ಎಂದರೆ ನೀರಿನ ಮೇಲಿನ ಹೊಗೆ; ಅದೇ ಹಾಡಿನ ಹೆಸರಾಯಿತು. ಇದೇನೋ ಮಾದಕದ್ರವ್ಯದ ಹಾಡೆಂದು ಜನ ತಿಳಿದಾರೆಂಬ ಶಂಕೆ ತಂಡದವರಿಗೆ ಮೊದಲಿಗೆ ಇದ್ದಿತಂತೆ!

ಮುಂದಿನದು ನೆಲೆಯಿಲ್ಲದವರ ಅಲೆದಾಟ. ಪೆವಿಲಿಯನ್ ಎಂಬ ರಂಗಮಂದಿರದಲ್ಲಿ ರಿಚಿ ಬ್ಲ್ಯಾಕ್‌ಮೋರನ ಗಿಟಾರು ಮೊರೆಯತೊಡಗುತ್ತಲೇ ನೆರೆಹೊರೆಯವರು ದೂರಿತ್ತರು; ಪೋಲೀಸರು ಹೊರಗೆ ಬಾಗಿಲು ಬಡಿಯುತ್ತಿರುವಂತೆಯೇ, ಸಹಾಯಕರು ಒಳಗಿನಿಂದ ಬಾಗಿಲನ್ನು ಒತ್ತಿಹಿಡಿದಿರಲು, ಈ ಹಾಡಿನ ವಾದ್ಯಭಾಗ ಮುಗಿಯಿತು. ಅಲ್ಲಿಂದ ಹೊರಬಿದ್ದವರಿಗೆ ಆಶ್ರಯವಿತ್ತದ್ದು ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್. ಅದರ ಓಣಿಯಂಥ ನಡುವಂಕಣದಲ್ಲಿ ಹಾಸಿಗೆಗಳನ್ನು ಅಡ್ಡಗಟ್ಟಿ ನುಡಿಸಿದರು. ನುಡಿಸಿದ್ದನ್ನು ಕೇಳಬೇಕಾದರೆ ಕೋಣೆಗಳನ್ನೂ ಮೊಗಸಾಲೆಗಳನ್ನೂ ದಾಟಿ ಲಾರಿಯವರೆಗೆ ಹೋಗಬೇಕಾಗಿದ್ದುದರಿಂದ, ಬೇಸತ್ತು ಕೇಳುವುದನ್ನೇ ಬಿಟ್ಟರು.

ಈ ಹಾಡಿನಲ್ಲಿ ಗೂಢಾರ್ಥವನ್ನು ಅರಸುವವರ ಶ್ರಮ ವ್ಯರ್ಥ. ಇಯಾನ್ ಗಿಲ್ಲನ್ ಹಾಡಿರುವುದು ಊರು, ಬೆಂಕಿ, ಲಾರಿ, ಹೋಟೆಲು ಎಲ್ಲವೂ ನಡೆದಂತೆಯೇ ಇರುವ ಒಂದು ವರದಿ. ಅದರ ಬಲವೂ ಆ ನಿರಾಡಂಬರತೆಯೇ ಎಂದು ನನ್ನ ಅಭಿಪ್ರಾಯ. ತಂಡದವರಾದರೋ ಇದನ್ನು ದೊಡ್ಡ ಹಾಡೆಂದು ಎಣಿಸಿರಲಿಲ್ಲ. 1972ರ ಮಾರ್ಚಿನಲ್ಲಿ 'ಮೆಷೀನ್ ಹೆಡ್' ಆಲ್ಬಮ್ಮಿನಲ್ಲಿ ಹೊರಬಂದ ಇದು, ಮರುವರ್ಷ ಬಿಡಿಹಾಡಾಗಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿತು.

ಕೇಳದವರು ಒಮ್ಮೆ ಕೇಳಬೇಕು. ಕೇಳಿದವರು ಈ ಸಲ ಆರಂಭದ ಕಡೆಗೆ ಕಿವಿಗೊಡಬೇಕು. ಮೊದಲು ಒಂಟಿ ಗಿಟಾರು, ಬಳಿಕ ತಾಳದ ಸಣ್ಣ ಸದ್ದಿನೊಡನೆ ಗಿಟಾರಿನಂತೆಯೇ ಗೊಗ್ಗರಿಸುವ ಜಾನ್ ಲಾರ್ಡನ ಆರ್ಗನ್, ಅನಂತರ ಇಯಾನ್ ಪೇಸನ ಡ್ರಮ್ಮು. ಹಾಡಿಗೆ ಹೆಸರಿತ್ತ ಗ್ಲೋವರನ ಬಾಸ್ ಎಲ್ಲರಿಗಿಂತ ಕಡೆಗೆ ಬಂದು ಸೇರುತ್ತದೆ.