ಕಾರಿನ ಕಣ್ಣಿಗೆ ಪೊರೆ ಬಂದಾಗ

ತಿಕೋಟಾದಲ್ಲಿ ಸಂಬಂಧಿಕರ ಮನೆಯ ವಲೀಮಾ ಮುಗಿಸಿ ರಾತ್ರಿ ವಿಜಯಪುರಕ್ಕೆ ಮರಳುತ್ತಿದ್ದೀರಿ. ಹಿಂದಿನ ಸೀಟಿನಲ್ಲಿ ಮಕ್ಕಳಿಗೆ ನಿದ್ದೆ. ಕಾರಿನ ದೀಪ ಉರಿಯುತ್ತಿದೆ, ಆದರೆ ದಾರಿ ಸರಿಯಾಗಿ ಕಾಣುತ್ತಿಲ್ಲ. ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರೊಂದು ಮುಂದೆ ಹೋಗುತ್ತಿರುವುದು ತೀರಾ ಹತ್ತಿರ ಬಂದ ಮೇಲಷ್ಟೇ ಗೊತ್ತಾಗುತ್ತದೆ. ಕಬ್ಬು ಸಾಗಿಸುವ ತಿಂಗಳುಗಳಲ್ಲಿ ಬಬಲೇಶ್ವರದ ರಸ್ತೆಯಲ್ಲೂ ಇದೇ ಭಯ.

ಬಲ್ಬು ಹಳೆಯದಾಯಿತೆಂದು ನೀವು ಭಾವಿಸಬಹುದು. ಒಮ್ಮೆ ಹಗಲಿನಲ್ಲಿ ದೀಪದ ಮುಖವನ್ನು ನೋಡಿ. ಅದು ಹಳದಿಗಟ್ಟಿ ಮಬ್ಬಾಗಿದೆಯೇ? ಹಾಗಾದರೆ ದೋಷ ಅಲ್ಲಿದೆ.

ಹಳೆಯ ಅಂಬಾಸಿಡರ್, ಜೀಪುಗಳ ದೀಪದ ಮುಖ ಗಾಜಿನದ್ದು, ಅದು ಹಳದಿಯಾಗುವುದಿಲ್ಲ. ಇಂದಿನ ಕಾರುಗಳಲ್ಲಿರುವುದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯಲು ಕಾರ್ಖಾನೆಯಲ್ಲೇ ಅದರ ಮೇಲೆ ತೆಳುವಾದ ಲೇಪನ ಕೊಟ್ಟಿರುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳ ಬಿಸಿಲು ಮತ್ತು ಧೂಳಿಗೆ ಈ ಲೇಪನ ಸವೆಯುತ್ತದೆ. ಎ.ಎ.ಎ. ಎಂಬ ಅಮೆರಿಕದ ವಾಹನ ಚಾಲಕರ ಸಂಘವು 2018ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಹೀಗೆ ಹಳದಿಗಟ್ಟಿದ ದೀಪಗಳು ಹೊಸ ದೀಪದ ಕೇವಲ 20 ಶೇಕಡಾದಷ್ಟು ಬೆಳಕು ಕೊಡುತ್ತವೆಂದು ಕಂಡುಬಂತು. ಉಜ್ಜಿ ಸ್ವಚ್ಛಗೊಳಿಸಿದಾಗ ಅದು ಸುಮಾರು 70 ಶೇಕಡಾಕ್ಕೆ ಏರಿತು.

ಆದರೆ ಉಜ್ಜಿದರಷ್ಟೇ ಸಾಲದು. ಹಲವರು ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ಹೊಳೆಯಿತೆಂದು ಸಂತೋಷಪಡುತ್ತಾರೆ. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಹಳದಿ! ಏಕೆಂದರೆ ಉಜ್ಜಿದಾಗ ಕೊಳೆಯ ಜೊತೆಗೆ ಅಳಿದುಳಿದ ಲೇಪನವೂ ಹೋಗಿರುತ್ತದೆ. ಬರಿಮೈಯಾದ ಪ್ಲಾಸ್ಟಿಕ್ಕಿಗೆ ಮತ್ತೆ ಹೊದಿಕೆ ಬೇಕು. ಅದೇ ರಕ್ಷಣಾ ಫಿಲ್ಮ್. ಪಾಲಿಯುರೆಥೇನ್‌ನ ಈ ಪಾರದರ್ಶಕ ಹಾಳೆಯನ್ನು ಮೊದಲು ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮರಳು, ಕಲ್ಲುಗಳಿಂದ ಕಾಪಾಡಲು ಬಳಸಿದ್ದರು. ಇಂದು ಅದು ಕಾರಿನ ಅಲಂಕಾರ ಸಾಮಗ್ರಿಗಳ ಅಂಗಡಿಯಲ್ಲೂ ಸಿಗುತ್ತದೆ.

ಮನೆಯಲ್ಲೇ ಅಂಟಿಸುವುದು ಹೇಗೆ?

* ಗಾಳಿ, ಧೂಳಿಲ್ಲದ ನೆರಳಿನಲ್ಲಿ ಕಾರು ನಿಲ್ಲಿಸಿ. ದೀಪ ಆರಿಸಿ, ತಣ್ಣಗಾದ ಮೇಲೆ ಶಾಂಪೂ ನೀರಿನಿಂದ ತೊಳೆಯಿರಿ.

* ಹಳದಿಯಾಗಿದ್ದರೆ ಸುತ್ತಲಿನ ಬಣ್ಣಕ್ಕೆ ಟೇಪ್ ಅಂಟಿಸಿ. 1000, 2000, 3000 ನಂಬರಿನ ವಾಟರ್ ಪೇಪರಿನಿಂದ ಇದೇ ಕ್ರಮದಲ್ಲಿ, ನೀರು ಹಾಕುತ್ತಾ ಉಜ್ಜಿ. ಬಳಿಕ ಪಾಲಿಶ್ ಮಾಡಿ. ಪಾಲಿಶಿನ ಜಿಡ್ಡು ಉಳಿದರೆ ಫಿಲ್ಮ್ ಅಂಟುವುದಿಲ್ಲ, ಪೂರ್ತಿ ಒರೆಸಿ. ಹೊಸ ಕಾರಾದರೆ ಉಜ್ಜಲೇಬೇಡಿ.

* ಹಳೆಯ ಪತ್ರಿಕೆಯನ್ನು ದೀಪದ ಮೇಲಿಟ್ಟು ಅಳತೆ ತೆಗೆಯಿರಿ. ಅರ್ಧ ಬೆರಳಿನಷ್ಟು ಹೆಚ್ಚು ಬಿಟ್ಟು ಫಿಲ್ಮ್ ಕತ್ತರಿಸಿ.

* ಸ್ಪ್ರೇ ಬಾಟಲಿಯ ನೀರಿಗೆ ಕೆಲವು ಹನಿ ಬೇಬಿ ಶಾಂಪೂ ಬೆರೆಸಿ. ದೀಪ, ಫಿಲ್ಮಿನ ಅಂಟು ಬದಿ, ನಿಮ್ಮ ಬೆರಳು ಎಲ್ಲವನ್ನೂ ಒದ್ದೆ ಮಾಡಿ. ಆಗ ಫಿಲ್ಮನ್ನು ಸರಿಸಿ ಕೂರಿಸಬಹುದು.

* ನಡುವಿನಿಂದ ಅಂಚಿನ ಕಡೆಗೆ ನೀರನ್ನು ತಳ್ಳಿ. ಮೆತ್ತನೆಯ ಬಟ್ಟೆ ಸುತ್ತಿದ ಹಳೆಯ ಎಟಿಎಂ ಕಾರ್ಡ್ ಸಾಕು. ಬಾಗಿದ ಕಡೆ ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ಮಾಡಿ, ಮೆಲ್ಲನೆ ಎಳೆದು ಕೂರಿಸಿ.

* ಅಂಚನ್ನು ಹೊಸ ಬ್ಲೇಡಿನಿಂದ ಹಗುರವಾಗಿ ಕತ್ತರಿಸಿ. ಈ ಕೆಲಸ ಮಕ್ಕಳ ಕೈಗೆ ಬೇಡ. ನೀರಿನ ಸಣ್ಣ ಗುಳ್ಳೆಗಳು ಕೆಲವು ದಿನಗಳಲ್ಲಿ ತಾವಾಗಿಯೇ ಆರುತ್ತವೆ. ಒಂದು ವಾರ ಕಾರು ತೊಳೆಯಬೇಡಿ.

ಅಂದಕ್ಕೆಂದು ಕಪ್ಪು, ನೀಲಿ, ಹಳದಿ ಫಿಲ್ಮ್ ಹಾಕಿಸುವ ತರುಣರು ಮನೆಯಲ್ಲಿದ್ದರೆ ದಯವಿಟ್ಟು ತಡೆಯಿರಿ. ಅದು ಇರುವ ಬೆಳಕನ್ನೂ ನುಂಗುತ್ತದೆ. ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್, ಪ್ಯಾಕಿಂಗ್ ಟೇಪ್ ಕೂಡ ಬೇಡ, ಬಿಸಿಲಿಗೆ ಅವುಗಳ ಅಂಟು ಕರಗಿ ಕಲೆಯಾಗುತ್ತದೆ. ಮಬ್ಬು ದೀಪದ ಒಳಭಾಗದಲ್ಲಿದ್ದರೆ, ಹೊರಗಿನಿಂದ ಎಷ್ಟು ಉಜ್ಜಿದರೂ ಹೋಗದು. ಮೆಕ್ಯಾನಿಕ್‌ಗೆ ತೋರಿಸಿ.

ಕೆಲಸ ಮುಗಿದ ದಿನ ಮಗ್ರಿಬ್ ನಂತರ ಕಾರನ್ನು ಕಾಂಪೌಂಡ್ ಗೋಡೆಗೆ ಎದುರಾಗಿ ನಿಲ್ಲಿಸಿ ದೀಪ ಹಾಕಿ. ಎರಡೂ ಕಡೆಯ ಬೆಳಕು ಸಮವಾಗಿ, ಸ್ಪಷ್ಟವಾಗಿ ಬೀಳುತ್ತಿದೆಯೇ ಎಂದು ನೋಡಿ. ರಸ್ತೆಬದಿಯಲ್ಲಿ ನಡೆದು ಹೋಗುವ ಕೂಲಿಕಾರನ ಕೈಯಲ್ಲಿ ದೀಪವಿರುವುದಿಲ್ಲ. ನಿಮ್ಮ ಕಾರಿನ ದೀಪವೇ ಅವನನ್ನು ನಿಮಗೆ ತೋರಿಸಬೇಕು.