ಘಾಟಿ ಇಳಿಯುವಾಗ ಡ್ರೈವರ್‌ಗೆ ಅವಸರ ಮಾಡಬೇಡಿ

ಕಳೆದ ವರ್ಷ ಚಿಕ್ಕಮಗಳೂರಿನಲ್ಲಿ ಸಂಬಂಧಿಕರ ಮದುವೆ ಮುಗಿಸಿ ಬಾಡಿಗೆ ವ್ಯಾನಿನಲ್ಲಿ ಊರಿಗೆ ಮರಳುತ್ತಿದ್ದೆವು. ಹೆಂಗಸರು, ಮಕ್ಕಳು ಸೇರಿ ವ್ಯಾನ್ ತುಂಬಾ ಜನ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಏನೋ ಸುಟ್ಟ ವಾಸನೆ ಬಂತು. ಡ್ರೈವರ್ ರಸ್ತೆ ಅಗಲ ಇದ್ದ ಕಡೆ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟರು. "ಪೆಡಲ್ ಮೆತ್ತಗಾಗ್ತಾ ಉಂಟು. ತಣಿಯುವವರೆಗೆ ಹೋಗುವುದು ಬೇಡ" ಅಂದರು.

"ಮಗ್ರಿಬ್‌ಗೆ ಮನೆ ಮುಟ್ಟಬೇಕು ಮಾರಾಯ್ರೇ, ಎಂತ ಇದು?" ಎಂದು ಹಿಂದಿನಿಂದ ಒಬ್ಬರು ಕೂಗಿದರು. ನಾನೂ ವಾಚ್ ನೋಡಿಕೊಂಡೆ. ಡ್ರೈವರ್ ನನ್ನ ಕಡೆ ತಿರುಗಿ, "ಉಸ್ತಾದ್, ಬೈಗುಳ ಬೇಕಾದ್ರೆ ತಿನ್ನುತ್ತೇನೆ. ಮಕ್ಕಳನ್ನು ಕೂರಿಸಿಕೊಂಡು ಈಗ ಇಳಿಸುವುದಿಲ್ಲ" ಎಂದರು. ಆ ಮಾತಿಗೆ ನನಗೇ ನಾಚಿಕೆಯಾಯಿತು.

ಮರುದಿನ ಗ್ಯಾರೇಜಿನಲ್ಲಿ ವಿಷಯ ಗೊತ್ತಾಯಿತು. ವ್ಯಾನಿನ ಬ್ರೇಕ್ ಆಯಿಲ್ ಬದಲಿಸದೆ ವರ್ಷಗಳೇ ಆಗಿದ್ದವು. "ಮುಂದಿನ ಸರ್ವಿಸ್‌ಗೆ ನೋಡುವ" ಎಂದು ಮಾಲಕರು ಮುಂದೆ ಹಾಕುತ್ತಲೇ ಬಂದಿದ್ದರಂತೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರಿನಂಶ ಸೇರಿದ ಆಯಿಲ್‌ಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಆ ಬಿಸಿಗೆ ಆಯಿಲ್ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ಕೆಳಗೆ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಪ್ಯಾಡ್, ಲೈನರ್ ವಿಪರೀತ ಕಾದರೂ ಹಿಡಿತ ಕಡಿಮೆಯಾಗುತ್ತದೆ.

ಹೆಚ್ಚಿನ ಸಲ ಬ್ರೇಕ್ ಹೋಗುವ ಮೊದಲೇ ಸೂಚನೆ ಕೊಡುತ್ತದೆ. ಪೆಡಲ್ ಮೊದಲಿಗಿಂತ ಕೆಳಗೆ ಹೋಗುವುದು, ಕೀಚಲು ಸದ್ದು, ಗಾಡಿ ಒಂದು ಬದಿಗೆ ಎಳೆಯುವುದು, ಚಕ್ರದ ಒಳಬದಿಯಲ್ಲಿ ಒದ್ದೆ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ಇದರಲ್ಲಿ ಯಾವುದು ಕಂಡರೂ ಅಂದೇ ಗ್ಯಾರೇಜಿಗೆ ಹೋಗಬೇಕು. ಆಯಿಲನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಘಾಟಿ ಹತ್ತಲು ಹಾಕುವ ಗೇರಿನಲ್ಲೇ ಇಳಿಯಬೇಕು ಎಂದು ಹಳೆ ಡ್ರೈವರ್‌ಗಳು ಹೇಳುವುದು ಸುಮ್ಮನೆ ಅಲ್ಲ. ಚಿಕ್ಕ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಬ್ರೇಕಿಗೆ ತಣಿಯಲು ಸಮಯ ಸಿಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರಿದ್ದಾರೆ. ಉಳಿಯುವುದು ನಾಲ್ಕು ಕಾಸು, ಅಪಾಯಕ್ಕೆ ಬೀಳುವುದು ಗಾಡಿ ತುಂಬಾ ಜೀವ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡಬಹುದು.

ಓಡುವಾಗಲೇ ಬ್ರೇಕ್ ಕೈಕೊಟ್ಟರೆ ಇಂಜಿನ್ ಆಫ್ ಮಾಡಬೇಡಿ. ಪೆಡಲನ್ನು ಪದೇ ಪದೇ ಒತ್ತಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯಿರಿ. ಹಾರ್ನ್, ಲೈಟ್ ಹಾಕಿ ಎದುರಿನವರಿಗೆ ಎಚ್ಚರಿಕೆ ಕೊಡಿ.

ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ ದೋಷವಿದೆ ಎಂದು ಗೊತ್ತಿದ್ದೂ ಗಾಡಿ ಓಡಿಸುವುದು ಅಪರಾಧ. ಆದರೆ ಎಲ್ಲವನ್ನೂ ಡ್ರೈವರ್ ಮೇಲೆ ಹೊರಿಸಿದರೆ ಆಗದು. ರಿಪೇರಿಗೆ ದುಡ್ಡು ಕೊಡದ ಮಾಲಕರಿಗೂ, "ಬೇಗ ಬಿಡಿ" ಎಂದು ಕೂಗುವ ನಮಗೂ ಇದರಲ್ಲಿ ಪಾಲುಂಟು.

ಇನ್ನು ಮದುವೆಗೆ ಗಾಡಿ ಗೊತ್ತು ಮಾಡುವಾಗ ಬಾಡಿಗೆ ಎಷ್ಟು ಎಂದು ಕೇಳುವ ಜೊತೆಗೆ, ಬ್ರೇಕ್ ನೋಡಿಸಿ ಎಷ್ಟು ದಿನ ಆಯಿತು ಎಂದೂ ಕೇಳಿ. ಆ ದಿನ ನಾವು ಮನೆ ಮುಟ್ಟುವಾಗ ಇಶಾ ಆಗಿತ್ತು. ಮಕ್ಕಳೆಲ್ಲ ಮಡಿಲಲ್ಲಿ ನಿದ್ದೆ ಹೋಗಿದ್ದವು.